ಕಿವಿಯೊಳಗಿನ ಅತ್ತೆ

ಫಿಜಿಯಿಂದಾಚೆ ಸಮುದ್ರದ ನಡುವಿನ ವವಾಉ ದ್ವೀಪದ ಆ ಹಳ್ಳಿಯಲ್ಲಿ ಭಾನುವಾರ ಚರ್ಚಿನ ಗಂಟೆ ನಿಂತ ಮೇಲೆ ಒಂದು ಗಳಿಗೆ ಯಾರೂ ಉಸಿರೆತ್ತುವುದಿಲ್ಲ. ಮಕ್ಕಳು ಕೂಡ ಕಾಲು ಆಡಿಸುವುದನ್ನು ನಿಲ್ಲಿಸುತ್ತವೆ. ಆ ಗಳಿಗೆಯ ಕೊನೆಗೆ ಒಬ್ಬ ಹೆಂಗಸು, ಒಬ್ಬಳೇ, ಹಾಡಿನ ಮೊದಲ ಸಾಲು ಎತ್ತಬೇಕು. ಪಿಯಾನೊ ಇಲ್ಲ, ಹಾರ್ಮೋನಿಯಂ ಇಲ್ಲ, ಶ್ರುತಿ ಹಿಡಿಯುವ ಯಾವ ವಾದ್ಯವೂ ಇಲ್ಲ. ಅವಳು ಎಲ್ಲಿ ಸ್ವರ ಇಟ್ಟಳೋ ಅಲ್ಲಿಗೇ ಊರೆಲ್ಲ ಬಂದು ಸೇರಬೇಕು. ಮೇಲೆ ಇಟ್ಟಳೋ, ಹೆಂಗಸರ ಗಂಟಲು ಹರಿಯುತ್ತದೆ. ಕೆಳಗೆ ಇಟ್ಟಳೋ, ಗಂಡಸರ ದನಿ ನೆಲ ಕಚ್ಚುತ್ತದೆ. ಈ ಕೆಲಸ ಲೆಸಿಯೆಲಿಯದು. ಅವಳಿಗಿಂತ ಮುಂಚೆ ಅವಳ ಸೋದರತ್ತೆ ಕಲೊಲೈನಿಯದು.

ತಂದೆಯ ಅಕ್ಕ ಎಂದರೆ ಆ ಸೀಮೆಯಲ್ಲಿ ತಂದೆಗಿಂತ ದೊಡ್ಡವಳು. ಅವಳು ಬೇಡ ಎಂದರೆ ಗೊತ್ತಾದ ಮದುವೆಯೂ ಮುರಿದುಬೀಳುತ್ತದೆ. ಸತ್ತ ಮೇಲೂ ಆ ದೊಡ್ಡಸ್ತಿಕೆ ಹೋಗುವುದಿಲ್ಲ. ಕಲೊಲೈನಿ ಅತ್ತೆ ನೋಡಲು ಸೌದೆ ಸೀಳಿನಂಥ ಹೆಂಗಸು. ಮೈ ತುಂಬಿಕೊಂಡಿದ್ದರೇ ಲಕ್ಷಣ ಎನ್ನುವ ಊರಿನಲ್ಲಿ ಅವಳೊಬ್ಬಳು ಸಣಕಲು. ಆದರೆ ದನಿ ಮಾತ್ರ ಸುಣ್ಣದ ಕಲ್ಲಿನ ಗೋಡೆಯಾಚೆ ಸಮುದ್ರದವರೆಗೆ ಹೋಗುತ್ತಿತ್ತು. ಹಾಡುವಾಗ ಅವಳು ನಿಲ್ಲುತ್ತಿರಲಿಲ್ಲ. ಚಾಪೆಯ ಮೇಲೆ ಕುಳಿತು, ಗಲ್ಲ ಎದೆಗೆ ತಾಗುವಷ್ಟು ತಲೆ ಬಗ್ಗಿಸಿ ಸಾಲು ಎತ್ತುತ್ತಿದ್ದಳು. ಅಂಥ ಭಕ್ತಿ ಮತ್ತೆ ಹುಟ್ಟುವುದಿಲ್ಲ ಎಂದು ಊರವರು ಈಗಲೂ ಹೇಳುತ್ತಾರೆ.

ಅತ್ತೆ ತೀರಿಕೊಳ್ಳುವ ಮೊದಲು ಲೆಸಿಯೆಲಿಯನ್ನು ಹಾಸಿಗೆಯ ಹತ್ತಿರ ಕರೆಸಿಕೊಂಡು, ಸಾಲು ಬಿಡಬೇಡ ಎಂದಿದ್ದಳು. ಲೆಸಿಯೆಲಿ ಬಿಟ್ಟಿರಲಿಲ್ಲ. ಗಂಡ ಸತ್ತ ವಾರವೂ ಬಿಟ್ಟಿರಲಿಲ್ಲ. ಹಾಡಿಸುವ ಕೆಲಸಕ್ಕೆ ಶಾಲೆಯ ಮೇಷ್ಟ್ರು ಪೆನಿಸಿಮಾನಿ ಬಂದ ಮೇಲೆ ಒಂದೇ ಒಂದು ಸಂಗತಿ ಬದಲಾಯಿತು. ಅವನು ಈ ಊರಲ್ಲೇ ಬೆಳೆದು, ರಾಜಧಾನಿಯಲ್ಲಿ ದೊಡ್ಡ ಮೇಳಗಳನ್ನು ಕಂಡು ಬಂದವನು. ಸಾಲು ಎತ್ತುವವರು ಎದ್ದು ನಿಂತು, ಮುಖ ಮೇಲೆತ್ತಿ ಹಾಡಬೇಕು ಎಂದ. ಲೆಸಿಯೆಲಿ ಎದ್ದು ನಿಂತಳು. ಅವಳಿಗೆ ಅದರಿಂದ ಆಗ ಏನೂ ತೊಂದರೆಯಾಗಲಿಲ್ಲ.

ತೊಂದರೆ ಬಂದದ್ದು ಬೇರೆ ಕಡೆಯಿಂದ. ನರ್ಸ್ ಅನಸೀನಿ ಒಂದು ದಿನ ಅವಳ ಬೆರಳು ಚುಚ್ಚಿ ನೋಡಿ, ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದು ನಿಂತಿದೆ, ಒಳಗೆ ಕರೆಯುವುದೋ ಬಿಡುವುದೋ ನಿಮ್ಮ ಕೈಯಲ್ಲಿದೆ ಎಂದಳು. ಲೆಸಿಯೆಲಿ ಹಟದವಳು. ಕುರಿಯ ಪಕ್ಕೆಯ ಕೊಬ್ಬು ಬಿಟ್ಟಳು, ಟಿನ್ನಿನ ಗೋಮಾಂಸ ಬಿಟ್ಟಳು, ತೆಂಗಿನ ಹಾಲಿನಲ್ಲಿ ಬೆಂದ ಕೆಸುವಿನ ಎಲೆಯನ್ನೂ ದೂರ ತಳ್ಳಿದಳು. ದಿನಾ ಬೆಳಿಗ್ಗೆ ದಿಣ್ಣೆಯ ದಾರಿಯಲ್ಲಿ ಬಂದರಿನತನಕ ನಡೆದಳು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಬಟ್ಟೆಗಳನ್ನೆಲ್ಲ ಒಳಗೆ ಹಿಡಿದು ಹೊಲಿಯಬೇಕಾಯಿತು. ನರ್ಸ್ ಬೆನ್ನು ತಟ್ಟಿದಳು. ಊರವರು ಮಾತ್ರ, ಯಾರಾದರೂ ಅವಳ ಮನೆಯ ಒಲೆ ನೋಡಿ ಬರಬಾರದೇ, ಉರಿಯುತ್ತದೋ ಇಲ್ಲವೋ ಎಂದು ಮಾತಾಡಿಕೊಂಡರು.

ಅವಳ ತಮ್ಮನ ಹೆಂಡತಿ ಫೂಸಿ ಬೇಲಿಯಾಚೆಯ ಮನೆಯವಳು. ಗಂಡನ ಅಕ್ಕನ ಮುಂದೆ ಬಾಯಿ ಬಿಗಿಹಿಡಿಯುವುದು ಅಲ್ಲಿಯ ಸೊಸೆಯಂದಿರ ಧರ್ಮ. ಫೂಸಿಗೆ ಆ ಧರ್ಮ ಮೊದಲಿನಿಂದಲೂ ಒಗ್ಗಿರಲಿಲ್ಲ.

"ಅತ್ತಿಗೆ, ಸ್ವಲ್ಪ ಕಲ್ಲು ಕಟ್ಕೊಂಡು ಓಡಾಡಿ. ಗಾಳಿ ಬೀಸಿದ್ರೆ ಫಿಜಿಗೆ ಹೋಗಿ ಬೀಳ್ತೀರಿ," ಎಂದಳು.

ಆ ಗಾಳಿ ಹೊರಗಿನಿಂದ ಬೀಸಲಿಲ್ಲ. ಒಂದು ಬೆಳಿಗ್ಗೆ ದಿಣ್ಣೆ ಹತ್ತುವಾಗ ಲೆಸಿಯೆಲಿಯ ಎಡಗಿವಿಯೊಳಗೆ ಯಾರೋ ಉಸಿರಾಡಿದರು. ಒಳಕ್ಕೆ ಎಳೆದರು, ಹೊರಕ್ಕೆ ಬಿಟ್ಟರು. ಅವಳು ನಿಂತು ಹಿಂದೆ ನೋಡಿದಳು. ಹಂದಿಮರಿಗಳು ಮಣ್ಣು ಕೆದಕುತ್ತಿದ್ದವು, ಮತ್ತಾರೂ ಇರಲಿಲ್ಲ. ಎರಡು ಹೆಜ್ಜೆ ಇಟ್ಟರೆ ಮತ್ತೆ ಅದೇ ಉಸಿರು. ಮನೆಗೆ ಬಂದು ಗೆಡ್ಡೆ ಬೇಯಿಸಿ ತಿನ್ನಲು ಕುಳಿತರೆ, ಅಗಿಯುವ ಸದ್ದು ಜಲ್ಲಿಕಲ್ಲಿನ ಮೇಲೆ ಯಾರೋ ಬೂಟು ಹಾಕಿಕೊಂಡು ನಡೆದಂತೆ ಕೇಳಿಸಿತು. ಫೂಸಿಯನ್ನು ಕೂಗಿದರೆ ತನ್ನದೇ ದನಿ ಖಾಲಿ ಹಂಡೆಯೊಳಗೆ ತಲೆ ಇಟ್ಟು ಕೂಗಿದ ಹಾಗೆ ಗುಮ್ಮೆಂದಿತು. ಹೊರಗಿನ ಲೋಕ ಒಂದು ಮೈಲಿ ಹಿಂದಕ್ಕೆ ಸರಿದಿತ್ತು. ಒಳಗಿನದೆಲ್ಲ ಕಿವಿಯ ಬಾಗಿಲಿಗೆ ಬಂದು ಕುಳಿತಿತ್ತು.

ಇಂಥ ಕಿವಿಯಲ್ಲಿ ಅಡುಗೆ ಮಾಡಬಹುದು, ಚಾಪೆ ಹೆಣೆಯಬಹುದು, ಹಾಡು ಎತ್ತಲಾಗುವುದಿಲ್ಲ. ಮುಂದಿನ ಭಾನುವಾರ ಲೆಸಿಯೆಲಿ ಎದ್ದು ನಿಂತು ಸ್ವರ ಬಿಟ್ಟಾಗ ಅದು ತಲೆಯೊಳಗೇ ಸಿಡಿಯಿತು. ಹೆದರಿ ದನಿ ತಗ್ಗಿಸಿದಳು. ತಗ್ಗಿಸಿದ್ದು ಎಷ್ಟೆಂದು ತಿಳಿಯಲಿಲ್ಲ. ಹಿಂದಿನ ಸಾಲುಗಳ ಗಂಡಸರು ಸ್ವರ ಹುಡುಕುತ್ತ ಕತ್ತಲೆಯಲ್ಲಿ ಮೆಟ್ಟಿಲು ಇಳಿದವರಂತೆ ತಡವರಿಸಿದರು. ಹಾಡು ನಡುವೆ ನಿಂತುಹೋಗಿ, ಪೆನಿಸಿಮಾನಿ ಮತ್ತೆ ಮೊದಲಿನಿಂದ ಎತ್ತಬೇಕಾಯಿತು. ಆ ಊರಿನ ನೆನಪಿನಲ್ಲಿ ಹಾಗಾದದ್ದು ಅದೇ ಮೊದಲು.

ಅವನು ಬೈಯಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಬಳಿಗೆ ಬಂದು, ವರ್ಷದ ದೊಡ್ಡ ಕೂಟ ಈ ಸಲ ನಮ್ಮಲ್ಲೇ, ಸುತ್ತಲಿನ ಊರುಗಳ ಮೇಳಗಳೆಲ್ಲ ಬರುತ್ತವೆ, ಅಷ್ಟರೊಳಗೆ ಕಿವಿ ಸರಿಯಾಗದಿದ್ದರೆ ಸಾಲನ್ನು ಇನ್ನೊಬ್ಬರಿಗೆ ಕೊಡಬೇಕಾಗುತ್ತದೆ ಎಂದು ಮೆತ್ತಗೆ ಹೇಳಿದ. ಒಮ್ಮೆ ಕೊಟ್ಟ ಸಾಲು ಮತ್ತೆ ಕೈಗೆ ಬರುವುದಿಲ್ಲ. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಪಟ್ಟಣದ ಆಸ್ಪತ್ರೆಗೆ ಹೋದಳು. ಅಲ್ಲಿ ಮಂಚದ ಮೇಲೆ ಮಲಗಿಸಿ ದೀಪ ಹಾಕಿ ನೋಡಿದರು. ವಿಚಿತ್ರವೆಂದರೆ ಮಲಗಿದ್ದಷ್ಟು ಹೊತ್ತು ಕಿವಿ ತೊಳೆದಿಟ್ಟ ಬಟ್ಟಲಿನಂತೆ ಶುಭ್ರವಾಗಿತ್ತು. ಕಿವಿಯ ತಮಟೆ ಚೆನ್ನಾಗಿದೆ, ಕೀವಿಲ್ಲ, ತೂತಿಲ್ಲ ಎಂದರು. ಗುಗ್ಗೆ ತೆಗೆದು ಕಳಿಸಿದರು. ಬಸ್ಸಿನಲ್ಲಿ ಕುಳಿತದ್ದೇ ಉಸಿರು ಹಾಜರ್. ಮತ್ತೊಂದು ಸಲ ಹೋದಾಗಲೂ ಇದೇ ಕಥೆ. ಕೇಳುವವರ ಮುಖದಲ್ಲಿ, ಈ ಹೆಂಗಸಿಗೆ ಕಿವಿಯಲ್ಲಲ್ಲ, ಮನಸ್ಸಿನಲ್ಲಿ ಏನೋ ಇದೆ ಎಂಬ ಅನುಮಾನ ಕಂಡು ಲೆಸಿಯೆಲಿ ಮೂರನೆಯ ಸಲ ಹೋಗಲಿಲ್ಲ.

ಇನ್ನೊಂದು ಸಂಗತಿಯನ್ನು ಅವಳು ಫೂಸಿಗೆ ಮಾತ್ರ ಹೇಳಿದಳು. ಸಂಜೆಯ ಪ್ರಾರ್ಥನೆಗೆ ತಲೆ ಬಗ್ಗಿಸಿದೊಡನೆ ಉಸಿರು ನಿಲ್ಲುತ್ತದೆ, ಆಮೆನ್ ಎಂದು ತಲೆ ಎತ್ತಿದರೆ ಶುರುವಾಗುತ್ತದೆ. ಫೂಸಿಯ ಬಾಯಲ್ಲಿ ಮಾತು ನಿಲ್ಲುವುದುಂಟೇ? ಮಾರನೆಯ ದಿನ ನೀರು ತರಲು ಹೋದವರಿಗೆಲ್ಲ ಗೊತ್ತಾಗಿತ್ತು. ಪ್ರಾರ್ಥನೆಗೆ ಹೆದರಿ ಓಡುವ ಉಸಿರು ಬದುಕಿರುವವರದಲ್ಲ ಎಂದು ಊರು ತೀರ್ಮಾನಿಸಿತು.

ಎಲೆಮದ್ದಿನ ಮುದುಕಿ ಹೇಯು ಬಂದಳು. ನೋನಿ ಎಲೆ ಅರೆದು ಎಣ್ಣೆಯಲ್ಲಿ ಬೆರೆಸಿ ಕಿವಿಯ ಸುತ್ತ ತಿಕ್ಕಿದಳು. ತಿಕ್ಕುತ್ತಾ ಕೇಳಿದಳು: "ಉಸಿರು ಹೆಂಗಿದೆ ಮಗಾ? ದಪ್ಪ ಮನುಷ್ಯರದೋ, ಸಣ್ಣ ಮನುಷ್ಯರದೋ?"

ಲೆಸಿಯೆಲಿ ಯೋಚಿಸಿದಳು. "ಸಣ್ಣ ಉಸಿರು ಅಜ್ಜಿ. ದಿಣ್ಣೆ ಹತ್ತಿದವರ ಥರ."

ಹೇಯು ಕೈ ನಿಲ್ಲಿಸಿದಳು. "ನಿಮ್ಮತ್ತೆ ಕಲೊಲೈನಿ ಹಂಗೇ ಉಸಿರಾಡ್ತಿದ್ಲು," ಎಂದಳು.

ಹೇಯು ಸುಳ್ಳುಗಾತಿಯಲ್ಲ. ಆ ದ್ವೀಪದಲ್ಲಿ ಯಾರಿಗಾದರೂ ಬಗೆಹರಿಯದ ತಲೆನೋವು, ಕಿವಿನೋವು ಬಂದರೆ ಮೊದಲು ಕೇಳುವುದು ಸಮಾಧಿಯ ಸಂಗತಿಯನ್ನೇ. ಮರದ ಬೇರು ಇಳಿದು ಸತ್ತವರ ಮೂಳೆಯನ್ನು ಹೊಕ್ಕಿದ್ದರೆ, ಅದು ನೆಂಟರಲ್ಲಿ ಯಾರಿಗೋ ಅದೇ ಜಾಗದಲ್ಲಿ ನೋಯುತ್ತದೆ. ಅಗೆದು, ಬೇರು ಬಿಡಿಸಿ, ಮೂಳೆಗೆ ಎಣ್ಣೆ ಹಚ್ಚಿ, ಮರದ ತೊಗಟೆ ಬಡಿದು ಮಾಡಿದ ಹೊಸ ಬಟ್ಟೆ ಸುತ್ತಿ ಮುಚ್ಚಿದರೆ ನೋವು ಹೋಗುತ್ತದೆ. ಹಾಗೆ ಹೋದದ್ದನ್ನು ಕಂಡವರು ಪ್ರತಿ ಊರಲ್ಲೂ ಸಿಗುತ್ತಾರೆ. ಕಲೊಲೈನಿ ಅತ್ತೆಯ ಸಮಾಧಿಯ ಮರಳಿನ ದಿಬ್ಬದ ತಲೆಯ ಕಡೆ ಒಂದು ಸರ್ವೆ ಮರ ಎದ್ದು ನಿಂತಿದ್ದೂ ನಿಜವೇ.

ಅಗೆಯಲು ಲೆಸಿಯೆಲಿಯ ತಮ್ಮ ಸೇಕೊಪೆ ಒಪ್ಪಬೇಕಿತ್ತು. ಅಕ್ಕ ತಮ್ಮ ದೊಡ್ಡವರಾದ ಮೇಲೆ ಚರ್ಚು ಬಿಟ್ಟರೆ ಒಂದೇ ಸೂರಿನಡಿ ಕೂರುವುದಿಲ್ಲ, ಎದುರೆದುರು ನಿಂತು ಮೈಯ ವಿಚಾರ ಆಡುವುದಿಲ್ಲ. ಆದ್ದರಿಂದ ಮಾತೆಲ್ಲ ಫೂಸಿಯ ಮೂಲಕ ಬೇಲಿ ದಾಟಿತು. ಸೇಕೊಪೆ ಎರಡು ದಿನ ದೋಣಿಗೆ ಹೋಗಲಿಲ್ಲ. ಮೂರನೆಯ ದಿನ ಗುದ್ದಲಿಯ ಕಾವು ಬದಲಿಸಿದ. ಅದೇ ಅವನ ಉತ್ತರ.

ಅತ್ತೆಯ ತಲೆಯನ್ನು ತಮ್ಮನ ಮಕ್ಕಳು ಮುಟ್ಟುವಂತಿಲ್ಲ. ಬದುಕಿದ್ದಾಗಲೂ ಇಲ್ಲ, ಸತ್ತ ಮೇಲೂ ಇಲ್ಲ. ಸೇಕೊಪೆ ಮರಳು ತೆಗೆದು ಮೂಳೆ ಕಾಣುವ ಹೊತ್ತಿಗೆ ಮೇಲೆ ಹತ್ತಿ ಬೆನ್ನು ತಿರುಗಿಸಿ ಕುಳಿತ. ಹೇಯು ಕಲೊಲೈನಿಯ ದೊಡ್ಡಮ್ಮನ ಮಗಳು, ಅವಳು ಇಳಿಯಬಹುದಿತ್ತು, ಇಳಿದಳು. ಲೆಸಿಯೆಲಿ ಸಾವಿನ ದುಃಖಕ್ಕೆ ಉಡುವ ಹರಕು ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡು, ಕೂದಲು ಬಿಚ್ಚಿ, ಗುಂಡಿಯ ಅಂಚಿನಲ್ಲಿ ಹಣೆ ಮೊಳಕಾಲಿಗೆ ತಾಗುವಂತೆ ಕುಳಿತಿದ್ದಳು. ಕಿರಿಯ ಅಂತಸ್ತಿನ ನೆಂಟರು ಹಿರಿಯ ಅಂತಸ್ತಿನ ನೆಂಟರ ಹೆಣದ ಮುಂದೆ ಕೂರುವುದೇ ಹಾಗೆ. ಬೆಳಗಿನ ಬಿಸಿಲು ಇನ್ನೂ ಎಳೆಯದಿತ್ತು.

ಬೇರು ಇತ್ತು. ಕಿರುಬೆರಳಿನ ಗಾತ್ರದ್ದು, ಕೆಂಪಗೆ, ಬುರುಡೆಯ ಪಕ್ಕಕ್ಕೆ ಆನಿಕೊಂಡಿತ್ತು. ಹೇಯು ಅದನ್ನು ಕತ್ತರಿಸಿ, ಹೊರಗೆ ಎಸೆದು, ಎಣ್ಣೆ ಹಚ್ಚುತ್ತ ಅತ್ತೆಯ ಜೊತೆ ಮನೆಮಾತು ಆಡುವಂತೆ ಏನೇನೋ ಮಾತಾಡಿದಳು. ನಂತರ ತಲೆ ಎತ್ತದೆ ಕೇಳಿದಳು: "ಈಗ ಹೆಂಗಿದೆ ಮಗಾ?"

ಲೆಸಿಯೆಲಿ ಕಿವಿಗೊಟ್ಟಳು. ಸರ್ವೆ ಮರದಲ್ಲಿ ಗಾಳಿ ಕೇಳಿಸಿತು. ದೂರದಲ್ಲಿ ಯಾರೋ ತೊಗಟೆ ಬಡಿಯುವ ಸದ್ದು ಕೇಳಿಸಿತು. ಉಸಿರು ಇರಲಿಲ್ಲ.

"ಹೋಯ್ತು," ಎಂದಳು. ಗುಂಡಿಯ ಸುತ್ತ ಸೇರಿದ್ದ ನೆಂಟರ ಹೆಂಗಸರು ಅತ್ತರು. ಬೆನ್ನು ತಿರುಗಿಸಿ ಕುಳಿತ ಸೇಕೊಪೆಯ ಭುಜಗಳೂ ಅಲುಗಿದ್ದನ್ನು ಫೂಸಿ ನೋಡಿದಳು.

ಮನೆಗೆ ಬಂದು ಕೈಕಾಲು ತೊಳೆದು ನೆಟ್ಟಗೆ ನಿಂತಾಗ ಉಸಿರು ಬಂತು. ಲೆಸಿಯೆಲಿ ಗೋಡೆ ಹಿಡಿದು ನಿಂತೇ ಇದ್ದಳು. ಹೊರಗೆ ಸೇಕೊಪೆ, ನೆಲದೊಳಗೆ ಬೇಯಿಸುವ ಉಮು ಒಲೆಗೆ ಗುಂಡಿ ತೋಡಿ ಹಂದಿ ಸುಡುತ್ತಿದ್ದ, ಅವಳ ಕಿವಿ ಗುಣವಾದ ಸಂತೋಷಕ್ಕೆ. ಹೇಯುವಿಗೆ ತೊಗಟೆ ಬಟ್ಟೆಯ ಉಡುಗೊರೆ ಹೋಗಿತ್ತು. ಪೆನಿಸಿಮಾನಿ ಬಂದು, ಭಾನುವಾರ ಸಾಲು ನಿಮ್ಮದೇ ಅಕ್ಕ ಎಂದು ನಕ್ಕು ಹೋಗಿದ್ದ. ಇಷ್ಟು ಜನರ ಸಂತೋಷದ ಮೇಲೆ ನೀರು ಸುರಿಯುವುದು ಹೇಗೆ? ಅವಳು ಬಾಯಿ ಮುಚ್ಚಿಕೊಂಡಳು.

ಭಾನುವಾರ ನಿಂತಳು, ಎತ್ತಿದಳು, ಹಾಡು ಮತ್ತೆ ಕುಸಿಯಿತು. ಈ ಸಲ ಪೆನಿಸಿಮಾನಿ ಬಳಿಗೂ ಬರಲಿಲ್ಲ. ಅತ್ತೆಗೆ ಇನ್ನೂ ಕೋಪ ಇಳಿದಿಲ್ಲ, ಒಳಗೆ ಬೇರೇನೋ ತಪ್ಪು ಇರಬೇಕು ಎಂಬ ಗುಸುಗುಸು ಬೆಂಚಿನಿಂದ ಬೆಂಚಿಗೆ ಹರಿಯಿತು.

ಲೆಸಿಯೆಲಿಗೆ ಹೋಗಲು ಉಳಿದದ್ದು ಚಾಪೆ ಹೆಣೆಯುವ ಮನೆಯೊಂದೇ. ಅಲ್ಲಿ ಹೆಂಗಸರು ಕೇದಗೆ ಗರಿ ಸೀಳಿ, ಉದ್ದ ಸಾಲಾಗಿ ಕುಳಿತು, ಬಗ್ಗಿ ಹೆಣೆಯುತ್ತಾರೆ. ಬೆರಳು ಓಡುತ್ತದೆ, ಬಾಯಿ ಅದಕ್ಕಿಂತ ಮುಂದೆ ಓಡುತ್ತದೆ. ಆ ದಿನ ಫೂಸಿ, ಮುದುಕ ಪಾದ್ರಿಯೊಬ್ಬರ ಲುಂಗಿ ಬಂದರಿನ ಗಾಳಿಗೆ ಹಾರಿಹೋದ ಕಥೆ ಹೇಳುತ್ತಿದ್ದಳು. ಹೇಳಬಾರದ ಜಾಗಗಳನ್ನೆಲ್ಲ ಬಿಡಿಸಿ ಬಿಡಿಸಿ ಹೇಳಿದಳು. ಲೆಸಿಯೆಲಿ ನಕ್ಕಳು. ಸಾಲದ್ದಕ್ಕೆ ತಾನೂ ಒಂದು ಪೋಲಿ ಮಾತು ಸೇರಿಸಿದಳು. ಸೇರಿಸಿದ ಮೇಲೆ ಬೆರಳು ನಿಂತಿತು. ಆ ಮಾತು ಸ್ಪಷ್ಟವಾಗಿ, ಹೊರಗಿನಿಂದ, ಎಲ್ಲರಿಗೂ ಕೇಳಿಸುವಂತೆ ಅವಳಿಗೂ ಕೇಳಿಸಿತ್ತು. ಕಿವಿಯಲ್ಲಿ ಉಸಿರಿರಲಿಲ್ಲ.

ತಲೆ ಎತ್ತಿದಳು. ಉಸಿರು ಬಂತು. ಬಗ್ಗಿಸಿದಳು. ಹೋಯಿತು.

"ಏನತ್ತಿಗೆ, ಕೋಳಿ ಥರ ತಲೆ ಆಡಿಸ್ತಿದ್ದೀರಿ?" ಎಂದಳು ಫೂಸಿ.

"ಫೂಸಿ, ನೀನು ಹೇಳ್ತಿದ್ದದ್ದು ಪ್ರಾರ್ಥನೆಯೇನೇ?"

"ಪಾದ್ರಿ ಇದ್ದಾರಲ್ಲ ಅದ್ರಲ್ಲಿ."

ಲೆಸಿಯೆಲಿ ನಗಲಿಲ್ಲ. ದೇವರ ಹೆಸರಿಗೆ ಹೆದರುವ ಉಸಿರು ಪಾದ್ರಿಯ ಲುಂಗಿಗೂ ಹೆದರುವುದಾದರೆ ಅದು ಅತ್ತೆಯದಲ್ಲ. ಮೂಳೆಯ ಮುಂದೆ ಕುಳಿತಾಗಲೂ ತಲೆ ಬಗ್ಗಿತ್ತು. ಆಸ್ಪತ್ರೆಯಲ್ಲಿ ಮಲಗಿದ್ದಳು. ಎಲ್ಲ ಕಡೆಯೂ ಕಿವಿ ಸುಮ್ಮನಿರುವಾಗ ಮಾತ್ರ ಅದನ್ನು ನೋಡಿದ್ದರು. ಇಷ್ಟು ಹೊಳೆಯಿತು. ಏಕೆ ಹೀಗೆ ಎಂಬುದು ಹೊಳೆಯಲಿಲ್ಲ.

ಕೂಟಕ್ಕೆ ಮುಂಚೆ ನ್ಯೂಜಿಲೆಂಡಿನಿಂದ ಕಿವಿಯ ವೈದ್ಯರ ತಂಡವೊಂದು ಬಂತು. ಸೋರುವ ಕಿವಿಯ ಮಕ್ಕಳನ್ನು ನೋಡಲು ಬಂದವರು, ಶಾಲೆಯ ಜಗಲಿಯಲ್ಲಿ ಕುಳಿತಿದ್ದರು. ನರ್ಸ್ ಅನಸೀನಿ ಲೆಸಿಯೆಲಿಯನ್ನು ಕೈಹಿಡಿದು ಎಳೆದುಕೊಂಡು ಹೋಗಿ ಮಕ್ಕಳ ಸಾಲಿನ ಕೊನೆಗೆ ನಿಲ್ಲಿಸಿದಳು. ಡಾಕ್ಟರ್ ಹಿನೆವಾಯ್ ಎಂಬಾಕೆ ಆ ದೇಶದ ಮೂಲನಿವಾಸಿಗಳಾದ ಮಾವೊರಿ ಜನದವಳು, ನಡುವಯಸ್ಸಿನವಳು, ಅನಸೀನಿಯ ಮೂಲಕ ಮಾತಾಡಿದಳು. ಸದ್ದು ಯಾವಾಗ ಬರುತ್ತದೆ ಎಂದು ಇದುವರೆಗೆ ಎಲ್ಲರೂ ಕೇಳಿದ್ದರು. ಅವಳು ಕೇಳಿದ್ದು ಬೇರೆ. ಯಾವಾಗ ನಿಲ್ಲುತ್ತದೆ?

ಲೆಸಿಯೆಲಿಯ ಹತ್ತಿರ ಉತ್ತರ ಸಿದ್ಧವಿತ್ತು. ಪ್ರಾರ್ಥನೆಯಿಂದ ಪಾದ್ರಿಯ ಲುಂಗಿಯವರೆಗೆ ಹೇಳಿದಳು. ಲುಂಗಿಯ ಭಾಗವನ್ನು ಅನಸೀನಿ ಅನುವಾದ ಮಾಡಲಿಲ್ಲ. ಡಾಕ್ಟರ್ ಅವಳನ್ನು ಮಲಗಿಸಲಿಲ್ಲ, ಸ್ಟೂಲಿನ ಮೇಲೆ ನೆಟ್ಟಗೆ ಕೂರಿಸಿ ಕಿವಿಯೊಳಗೆ ನೋಡುತ್ತ, ಮೂಗಿನ ಒಂದು ಹೊಳ್ಳೆ ಮುಚ್ಚಿಕೊಂಡು ಜೋರಾಗಿ ಉಸಿರಾಡಲು ಹೇಳಿದಳು. ನೋಡುತ್ತಲೇ ಇದ್ದಳು. ಆಮೇಲೆ ಅನಸೀನಿಯನ್ನು ಕರೆದು ಅವಳಿಗೂ ತೋರಿಸಿದಳು.

"ಅಯ್ಯೋ, ತಮಟೆ ಅಲುಗ್ತಾ ಇದೆ," ಎಂದಳು ಅನಸೀನಿ. "ದೋಣಿಯ ಹಾಯಿ ಥರ. ಉಸಿರು ಎಳೆದಾಗ ಒಳಕ್ಕೆ, ಬಿಟ್ಟಾಗ ಹೊರಕ್ಕೆ."

ಡಾಕ್ಟರ್ ಬಿಡಿಸಿ ಹೇಳಿದ್ದು ಇಷ್ಟು. ಮೂಗಿನ ಹಿಂದಿನಿಂದ ಕಿವಿಗೊಂದು ಸಣ್ಣ ದಾರಿ ಇರುತ್ತದೆ. ಅದು ಸದಾ ಮುಚ್ಚಿದ್ದು, ನುಂಗಿದಾಗ, ಆಕಳಿಸಿದಾಗ ಮಾತ್ರ ಒಮ್ಮೆ ತೆರೆದು ಮುಚ್ಚಬೇಕು. ಲೆಸಿಯೆಲಿಯದು ತೆರೆದೇ ಇದೆ. ಆದ್ದರಿಂದ ತನ್ನ ಉಸಿರು, ತನ್ನ ದನಿ ನೇರವಾಗಿ ತಮಟೆಗೆ ಬಂದು ಬಡಿಯುತ್ತಿದೆ. ಕೆಲವರಿಗೆ ಮೈ ಬೇಗ ಇಳಿದಾಗ ಹೀಗಾಗುತ್ತದೆ, ಆ ದಾರಿಯ ಸುತ್ತ ಮೆತ್ತೆಯಂತಿದ್ದ ಕೊಬ್ಬೂ ಕರಗುತ್ತದೆ. ತಲೆ ಬಗ್ಗಿಸಿದರೆ, ಮಲಗಿದರೆ ಅಲ್ಲಿ ರಕ್ತ ತುಂಬಿ ದಾರಿ ಮುಚ್ಚುತ್ತದೆ, ಸದ್ದು ನಿಲ್ಲುತ್ತದೆ. ಕಂಡುಹಿಡಿಯುವುದು ಕಷ್ಟ, ತನ್ನ ದೇಶದಲ್ಲೂ ಜನ ವರ್ಷಗಟ್ಟಲೆ ಅಲೆಯುತ್ತಾರೆ ಎಂದಳು. ಪೂರ್ತಿ ಹೋಗುತ್ತದೆ ಎಂದು ಮಾತು ಕೊಡಲಿಲ್ಲ. ನೀರು ಚೆನ್ನಾಗಿ ಕುಡಿಯಬೇಕು, ಮೂಗಿಗೆ ಉಪ್ಪುನೀರಿನ ಹನಿ ಹಾಕಬೇಕು, ಮೈ ಸ್ವಲ್ಪ, ಸ್ವಲ್ಪವೇ, ತುಂಬಿಕೊಳ್ಳಬೇಕು. ಆ ಕೊನೆಯ ಮಾತಿಗೆ ಅನಸೀನಿ ಮುಖ ಹುಳಿ ಮಾಡಿಕೊಂಡಳು.

ಹೇಯು ಜಗಲಿಯ ಮೆಟ್ಟಿಲಲ್ಲಿ ಕುಳಿತು ಎಲ್ಲ ಕೇಳಿಸಿಕೊಂಡಿದ್ದಳು. ಅವಳ ಮುಖ ಸಣ್ಣದಾಗಲಿಲ್ಲ. "ಇರಬೋದು. ಆದ್ರೂ ಬೇರು ಇತ್ತೋ ಇಲ್ವೋ?" ಎಂದಳು. ಬೇರು ಇತ್ತು. ಅದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ.

ಕೂಟ ಹತ್ತಿರ ಬಂದಿತ್ತು, ಮೈ ಅಷ್ಟರೊಳಗೆ ತುಂಬುವಂತಿರಲಿಲ್ಲ. ಲೆಸಿಯೆಲಿ ಪೆನಿಸಿಮಾನಿಯ ಬಳಿಗೆ ಹೋಗಿ, ತಾನು ಚಾಪೆಯ ಮೇಲೆ ಕುಳಿತು ತಲೆ ಬಗ್ಗಿಸಿ ಎತ್ತುವುದಾಗಿ ಹೇಳಿದಳು. ಅವನು ಅಡ್ಡಡ್ಡ ತಲೆಯಾಡಿಸಿದ. ಬೇರೆ ಊರಿನ ಮೇಳಗಳ ಮುಂದೆ ನಮ್ಮವರೊಬ್ಬರು ನೆಲ ನೋಡಿಕೊಂಡು ಹಾಡುವುದೇ, ಬೇಡಕ್ಕ, ಈ ಸಲ ನೀವು ಸುಮ್ಮನಿದ್ದುಬಿಡಿ ಎಂದ. ಅವಳು ಮನೆಗೆ ಬಂದು ಹಾಡಿನ ದಿನಕ್ಕೆಂದು ತೆಗೆದಿಟ್ಟಿದ್ದ ಬಿಳಿಯ ಅಂಗಿಯನ್ನು ಮಡಿಸಿ ಪೆಟ್ಟಿಗೆಯ ತಳಕ್ಕೆ ಹಾಕಿದಳು. ಅದನ್ನು ಫೂಸಿ ನೋಡಿದಳು. ನೋಡಿದ್ದು ಬೇಲಿ ದಾಟಿತು.

ಅಭ್ಯಾಸದ ಸಂಜೆ ಎಲ್ಲರೂ ಚರ್ಚಿನಲ್ಲಿ ಸೇರಿದ್ದಾಗ, ಗಂಡಸರ ಹಿಂದಿನ ಸಾಲಿನಿಂದ ಸೇಕೊಪೆ ಎದ್ದು ಮುಂದೆ ಬಂದ. ಕಂಕುಳಲ್ಲಿ ಸುತ್ತಿದ ಚಾಪೆ ಇತ್ತು. ಅಕ್ಕನ ಕಡೆ ಅವನು ನೋಡಲಿಲ್ಲ, ನೋಡುವಂತೆಯೂ ಇರಲಿಲ್ಲ. ಪೆನಿಸಿಮಾನಿಯ ಕಡೆ ತಿರುಗಿ ಹೇಳಿದ.

"ಮೇಷ್ಟ್ರೇ, ಇದು ಕಲೊಲೈನಿ ಅತ್ತೆ ಕೂರ್ತಿದ್ದ ಚಾಪೆ. ಅತ್ತೆ ತಲೆ ಬಗ್ಗಿಸಿ ಎತ್ತಿದ ಹಾಡಿಗೇ ನೀವು ನಾವು ಎಲ್ಲ ಬೆಳೆದದ್ದು. ಆಗ ಯಾವ ಊರಿನವರೂ ನಕ್ಕಿರಲಿಲ್ಲ."

ಚಾಪೆಯನ್ನು ಹಳೆಯ ಜಾಗದಲ್ಲಿ ಹಾಸಿ, ಮುದುರಿದ ಅಂಚನ್ನು ಅಂಗೈಯಿಂದ ಸವರಿ, ತನ್ನ ಸಾಲಿಗೆ ಹಿಂತಿರುಗಿದ. ಅವನು ಅಷ್ಟು ಉದ್ದದ ಮಾತು ಆಡಿದ್ದನ್ನು ಊರು ಕೇಳಿರಲಿಲ್ಲ. ಪೆನಿಸಿಮಾನಿ ಚಾಪೆಯನ್ನು ನೋಡಿದ, ಹಿಂದಿನ ಸಾಲಿನ ಮುದುಕರನ್ನು ನೋಡಿದ. ಆಮೇಲೆ, ಕೂತ್ಕೊಳ್ಳಿ ಅಕ್ಕ ಎಂದ.

ಕೂಟದ ದಿನ ಚರ್ಚಿನ ಕಿಟಕಿಗಳಲ್ಲೂ ಜನ. ಗಂಟೆ ನಿಂತಿತು. ಲೆಸಿಯೆಲಿ ಬಿಳಿಯ ಅಂಗಿಯಲ್ಲಿ ಅತ್ತೆಯ ಚಾಪೆಯ ಮೇಲೆ ಕುಳಿತು ತಲೆ ಬಗ್ಗಿಸಿದಳು. ಗಲ್ಲ ಎದೆಗೆ ತಾಗಿತು. ಉಸಿರು ನಿಂತಿತು. ಹೊರಗಿನ ಲೋಕ ಮೆಲ್ಲಗೆ ಹತ್ತಿರ ಬಂತು: ಯಾರದೋ ಬೀಸಣಿಗೆ, ಒಂದು ಕೆಮ್ಮು, ಬೇಲಿಯಾಚೆಯ ಸಮುದ್ರ. ಅವಳ ಕಣ್ಣಿನ ಮುಂದೆ ಚಾಪೆಯ ಹೆಣಿಗೆ ಇತ್ತು, ಎರಡು ಮೊಳಕಾಲು ಊರಿ ಊರಿ ಸವೆದ ಎರಡು ಗುಂಡನೆಯ ಗುರುತುಗಳಿದ್ದವು. ಸಣಕಲು ಹೆಂಗಸಿನ ಮೊಳಕಾಲು. ದಿಣ್ಣೆ ಹತ್ತಿದವರ ಹಾಗೆ ಉಸಿರಾಡುತ್ತಿದ್ದವಳು. ಹಾಡುವಾಗ ಮಾತ್ರ ಇಷ್ಟು ತಲೆ ಬಗ್ಗಿಸುತ್ತಿದ್ದಳಲ್ಲ, ಅವಳಿಗೂ ಇದೇ ಇತ್ತೇ? ಇದ್ದರೂ ಯಾರಿಗೂ ಹೇಳದೆ, ಭಕ್ತಿ ಎಂದವರನ್ನು ಭಕ್ತಿ ಎಂದೇ ಅನ್ನಲು ಬಿಟ್ಟು, ಹಾಡಿಕೊಂಡು ಹೋದಳೇ? ಕೇಳೋಣವೆಂದರೆ ಅತ್ತೆ ಇರಲಿಲ್ಲ.

ಲೆಸಿಯೆಲಿ ಸಾಲು ಎತ್ತಿದಳು. ಸ್ವರ ಎಲ್ಲಿ ಇಡಬೇಕೋ ಅಲ್ಲಿ ಕುಳಿತಿತು. ಎರಡನೆಯ ಪದಕ್ಕೆ ಹೆಂಗಸರು ಬಂದರು, ಮೂರನೆಯದಕ್ಕೆ ಗಂಡಸರ ದನಿ ನೆಲದಿಂದ ಎದ್ದು ಬಂದು ಅವಳ ಬೆನ್ನಿಗೆ ತಾಗಿತು. ಆ ದನಿಗಳಲ್ಲಿ ಒಂದು ಸೇಕೊಪೆಯದು. ಅದನ್ನು ಬೇರೆ ಮಾಡಿ ಕೇಳಲು ಸಾಧ್ಯವಾಯಿತು.

ಹಾಡು ಮುಗಿದು ತಲೆ ಎತ್ತಿದಾಗ ಉಸಿರು ಮರಳಿ ಬಂದು ಕಿವಿಯಲ್ಲಿ ಕುಳಿತಿತು. ಅವಳು ಅದನ್ನು ಹಾಗೇ ಕೂರಲು ಬಿಟ್ಟಳು.

ಊಟಕ್ಕೆ ಉದ್ದನೆಯ ಮಣೆಗಳ ಮೇಲೆ ಹಂದಿ, ಗೆಡ್ಡೆ, ಕೆಸುವಿನ ಎಲೆ ಎಲ್ಲ ಹರಡಿದ್ದರು. ಫೂಸಿ ಪಕ್ಕದಲ್ಲಿ ಬಂದು ಕುಳಿತು ಪಿಸುಗುಟ್ಟಿದಳು. "ಅತ್ತಿಗೆ, ಆಚೆ ಊರಿನ ಹೆಂಗಸರು ನಿಮ್ಮ ಭಕ್ತಿ ನೋಡಿ ಕಣ್ಣೀರು ಒರೆಸ್ಕೋತಿದ್ರು. ಕಿವಿ ಸಂಗತಿ ಹೇಳಿಬಿಡ್ಲಾ?"

"ಬೇಡ ಬಿಡು, ಅಳಲಿ," ಎಂದಳು ಲೆಸಿಯೆಲಿ. ಅನಸೀನಿ ಎಲ್ಲಿದ್ದಾಳೆ ಎಂದು ಒಮ್ಮೆ ಸುತ್ತಲೂ ನೋಡಿದಳು. ನರ್ಸ್ ದೂರದ ಮಣೆಯಲ್ಲಿದ್ದಳು. "ಆ ಕೊಬ್ಬಿರೋ ತುಂಡು ಇತ್ತ ಸರಿಸು. ಸ್ವಲ್ಪವೇ."